ಔಟ್‌ಟರ್ನ್

ಕೂಡ್ಲೂರಿನ ಕಾಫಿ ವರ್ಕ್ಸಿನಲ್ಲಿ
ಅಪ್ಪನಿಗೆ ಸ್ಯಾಂಪಲ್ ಪೂವಯ್ಯ ಅಂತಲೇ ಹೆಸರು.
ಮೂಟೆಗೆ ಕೊಳವೆ ಚುಚ್ಚಿ ಒಂದು ಹಿಡಿ ಚೆರಿ ಎಳೆದು
ಪುಟ್ಟ ಯಂತ್ರಕ್ಕೆ ಸುರಿದು, ಸಿಪ್ಪೆ ಸುಲಿಸಿ, ಹೊಟ್ಟು ಊದಿ,
ಉಳಿದ ಬೀಜ ತೂಗಿ ಹೇಳುತ್ತಾನೆ
ತೋಟದವರ ಮುಖ ನೋಡದೆ:
"ಇಪ್ಪತ್ತಾರೂವರೆ."
ಐವತ್ತು ಕೆಜಿ ಮೂಟೆಗೆ ಅಷ್ಟೇ ಬೀಜ.
ಯಾರೂ ವಾದಿಸುವುದಿಲ್ಲ.
ವಾದಿಸಿದವರಿಗೆ ಇನ್ನೊಂದು ಹಿಡಿ.

ನಾನು ಓದಿದ್ದು ಫಿಸಿಯಾಲಜಿ. ಮಂಗಳೂರಿನಲ್ಲಿ, ಮೂರು ವರ್ಷ.
ಬ್ಯಾಂಕು ಕೊಟ್ಟಿದ್ದು ಆರು ಲಕ್ಷದ ಎಂಬತ್ತು ಸಾವಿರ.
ಜಾಮೀನಿಗೆ ಬಂದವರು ಲಾರಿಯ ಮೊಯ್ದು ಕಾಕ.
ಫಾರಂ ಓದಲಿಲ್ಲ,
ಪೆನ್ನಿನ ಕ್ಯಾಪು ತೆಗೆಯುವುದಕ್ಕಷ್ಟೇ ತಡವಾಯಿತು.
ಈಗ ಸಿಕ್ಕಾಗಲೆಲ್ಲ ಪಂಚೆ ಮೇಲೆತ್ತಿ
"ಇಲ್ಲಿ, ಮೋಳೇ, ಮೆಟ್ಟಿಲು ಹತ್ತುವಾಗ" ಅನ್ನುತ್ತಾರೆ.
ಅದು ಫಿಸಿಯೋಥೆರಪಿ, ಕಾಕಾ.
ಹೇಳಿ ಹೇಳಿ ಸಾಕಾಗಿ
ಹೋದ ತಿಂಗಳು ಒತ್ತಿ ನೋಡಿದೆ,
ಹತ್ತು ವರ್ಷ ನನ್ನ ಸಾಲದಡಿ
ನಿಲ್ಲಬೇಕಾದ ಮೊಣಕಾಲು.

ಓದು ಮುಗಿದು ಕೆಲಸ ಸಿಗುವಷ್ಟರಲ್ಲಿ
ಬಡ್ಡಿಯೂ ಒಂದು ಡಿಗ್ರಿ ಮಾಡಿಕೊಂಡಿತ್ತು:
ಎಂಟು ಲಕ್ಷದ ಮೂವತ್ತೊಂದು ಸಾವಿರ.
ಮಡಿಕೇರಿಯ ನರ್ಸಿಂಗ್ ಕಾಲೇಜು ಕೈಗೆ ಕೊಡುವುದು
ಇಪ್ಪತ್ತಾರು ಸಾವಿರದ ನಾನೂರು.
ಕಂತು ಹನ್ನೊಂದು ಸಾವಿರದ ಇನ್ನೂರ ಹದಿಮೂರು, ಐದನೇ ತಾರೀಕು.
ಸಂಬಳ ನಾಲ್ಕಕ್ಕೆ ಬರುತ್ತದೆ.
ಒಂದು ರಾತ್ರಿ ನಾನು ಶ್ರೀಮಂತೆ.

ಮಾಂದಲಪಟ್ಟಿಗೆ ಜೀಪು ಓಡಿಸುವ ಲವಿನ್
ನನ್ನ ಜೊತೆ ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವನು.
ಅಲ್ಲ, ಅವನು ನಿಲ್ಲಿಸಿದ, ನಾನು ಮುಂದುವರಿಸಿದೆ.
ಸೀಸನ್ನಿನಲ್ಲಿ ದಿನಕ್ಕೆ ಮೂರು ಟ್ರಿಪ್ಪು.
ಹೃದಯಕ್ಕೆ ನಾಲ್ಕು ಕೋಣೆ ಕಣೋ ಅಂದರೆ
ಬಾಡಿಗೆ ಎಷ್ಟು ಬರುತ್ತೆ ಅನ್ನುತ್ತಾನೆ.

ಭಾನುವಾರ ಅಪ್ಪನ ಮುಂದೆ ಪಾಸ್‌ಬುಕ್ ಇಟ್ಟೆ.
ಕನ್ನಡಕ ಒರೆಸಿಕೊಂಡ.
ಮಾಯಿಶ್ಚರ್ ಚೀಟಿಯ ಹಿಂಬದಿಯಲ್ಲಿ ಕಳೆದು, ಭಾಗಿಸಿ
"ಇಪ್ಪತ್ತೆಂಟೂ ಮುಕ್ಕಾಲು" ಅಂದ, "ಐವತ್ತಕ್ಕೆ.
ಒಳ್ಳೇ ಮಾಲು. ಈ ವರ್ಷ ಯಾವ ತೋಟದ್ದೂ ಇಷ್ಟು ಬಂದಿಲ್ಲ."
ಅಮ್ಮನ ಥೈರಾಯ್ಡ್ ಮಾತ್ರೆ, ಗ್ಯಾಸು, ಫೋನಿನ ಕರೆನ್ಸಿ,
ಎರಡು ಸಾವಿರದ ಮುನ್ನೂರು ಮರೆತೆ ಅಪ್ಪಾ ಅಂದೆ.
(ಬಸ್ಸು ಪುಕ್ಕಟೆ. ಆಧಾರ್ ತೋರಿಸಿದರೆ ಸಾಕು.)
ಮತ್ತೆ ಭಾಗಿಸಿದ.
"ಇಪ್ಪತ್ನಾಲ್ಕೂವರೆ. ಇಲ್ಲ, ಅದಕ್ಕೂ ಚೂರು ಕಮ್ಮಿ."
ಸ್ವಲ್ಪ ಹೊತ್ತು ಬಿಟ್ಟು
"ಕಾಯಿಕೊರಕ ಬಿದ್ದಿದೆ. ಆದರೂ ತಳ್ಳುವ ಮಾಲಲ್ಲ."

ಕಾಫಿ ಸಿಪ್ಪೆ ಗೊಬ್ಬರಕ್ಕಾದರೂ ಹೋಗುತ್ತದೆ.
ನನ್ನ ಕಂತು ಎಲ್ಲಿ ಕೊಳೆತು ಯಾರ ಗಿಡಕ್ಕೆ ಬೀಳುತ್ತದೋ
ಮ್ಯಾನೇಜರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸೋಮವಾರ ಪ್ರಾಕ್ಟಿಕಲ್.
ಅಮ್ಮತ್ತಿಯ ದೇಚಮ್ಮ ಐದು ನಿಮಿಷ
ಮರದ ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು,
ಸ್ಟೂಲಿನ ಮೇಲೆ ಕುಸಿದು ಏದುಸಿರು ಬಿಟ್ಟಳು.
ಬೋರ್ಡಿನ ಮೇಲೆ ಬರೆದೆ: ಆಮ್ಲಜನಕದ ಸಾಲ.
ದುಡಿಯುವ ಸ್ನಾಯು ಕೈಯಲ್ಲಿಲ್ಲದ್ದನ್ನು ಖರ್ಚು ಮಾಡುತ್ತದೆ.
ನಿಂತ ಮೇಲೆ ಎದೆ ಕೂತು ತೀರಿಸುತ್ತದೆ.
"ತಗೊಂಡಷ್ಟೇ ಕೊಡೋದಾ ಮ್ಯಾಮ್?"
ಇಲ್ಲ. ಸ್ವಲ್ಪ ಹೆಚ್ಚೇ.
ದೇಹವೂ ಬಡ್ಡಿ ಹಾಕುತ್ತದೆ.
ಕ್ಲಾಸು ನಕ್ಕಿತು.
ನಗದವರು ಹಿಂದಿನ ಬೆಂಚಿನಲ್ಲಿ ಮೂರು ಜನ.
ಅವರ ಕಡೆ ನೋಡದೆ ಬೋರ್ಡು ಒರೆಸಿದೆ.

ದೇಚಮ್ಮನ ಮಣಿಕಟ್ಟು ನನ್ನ ಬೆರಳ ಕೆಳಗೆ.
ನೂರಾ ಐವತ್ತೆರಡು.
ನೂರಾ ಇಪ್ಪತ್ತು.
ನೂರಾ ನಾಲ್ಕು.
ಇಳಿಯುತ್ತಿದೆ, ನೋಡುತ್ತಿದ್ದ ಹಾಗೇ ಇಳಿಯುತ್ತಿದೆ,
ಇದಕ್ಕೆ ಸಹಿ ಬೇಡ, ಕಾಕ ಬೇಡ, ಹತ್ತು ವರ್ಷ ಬೇಡ.
ಎಂಬತ್ತೆಂಟು.
ಬೆಲ್ಲಾಯಿತು.
"ಮ್ಯಾಮ್, ನಾರ್ಮಲ್ ಆಯ್ತಲ್ಲ?"

ಇರು. ಇನ್ನೊಂದು ನಿಮಿಷ.